ವಾರಾಂತ್ಯಕ್ಕೆ ಊರು ಬಿಟ್ಟರೂ ಬಾಲ್ಕನಿಯ ಗಿಡಗಳು ಬಾಡದಿರಲು

ಪ್ರಶ್ನೆ: ನಾವು ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಾಲ್ಕನೆಯ ಮಹಡಿಯ ಮನೆಯಲ್ಲಿದ್ದೇವೆ. ಪಶ್ಚಿಮಕ್ಕೆ ತೆರೆದ ಸಣ್ಣ ಬಾಲ್ಕನಿಯಲ್ಲಿ ಮಲ್ಲಿಗೆ, ತುಳಸಿ, ಕರಿಬೇವು, ದಾಸವಾಳ ಹೀಗೆ ಹದಿನೈದರಷ್ಟು ಕುಂಡಗಳಿವೆ. ನಮ್ಮದೊಂದು ಹಳೆಯ ಗೆಳೆಯರ ಬಳಗವಿದೆ. ತಿಂಗಳಿಗೆ ಎರಡು ಸಲವಾದರೂ ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಮರಳುತ್ತೇವೆ. ಬಂದು ನೋಡಿದರೆ ಪ್ರತಿಸಲವೂ ಒಂದೆರಡು ಗಿಡಗಳು ಬಾಡಿರುತ್ತವೆ. ಈ ಬೇಸಿಗೆಯಲ್ಲಿ ನರ್ಸರಿಯಿಂದ ತಂದ ಎರಡು ಮಲ್ಲಿಗೆ ಗಿಡಗಳು ಸತ್ತೇಹೋದವು. ತಿರುಗಾಟ, ತೋಟ ಎರಡರಲ್ಲಿ ಒಂದನ್ನು ಬಿಡಲೇಬೇಕೇ? ತಾನಾಗಿ ನೀರುಣಿಸುವ ಯಂತ್ರವನ್ನು ಕೊಳ್ಳುವುದು ಒಳ್ಳೆಯದೇ?

ಉತ್ತರ: ಯಾವುದನ್ನೂ ಬಿಡಬೇಕಾಗಿಲ್ಲ. ಬೇರು ಚೆನ್ನಾಗಿ ಇಳಿದಿರುವ ಮಲ್ಲಿಗೆಯಾಗಲಿ ದಾಸವಾಳವಾಗಲಿ ಎರಡು ದಿನ ನೀರಿಲ್ಲದೆ ಸಾಯುವ ಗಿಡಗಳಲ್ಲ. ನೀವು ಮನೆಯಲ್ಲಿಲ್ಲದ ಎರಡು ದಿನಗಳಲ್ಲಿ ಅವು ಸಾಯುತ್ತಿದ್ದರೆ, ನೀವು ಮನೆಯಲ್ಲಿದ್ದ ಉಳಿದ ದಿನಗಳಲ್ಲಿಯೇ ಅವು ಸೊರಗಿದ್ದವು ಎಂದು ತಿಳಿಯಬೇಕು. ದಿನವೂ ಸುರಿಯುವ ಒಂದು ತಂಬಿಗೆ ನೀರು ಆ ದೌರ್ಬಲ್ಯವನ್ನು ಮುಚ್ಚಿಡುತ್ತದೆ, ಶನಿವಾರದ ಬಿಸಿಲು ಅದನ್ನು ಹೊರಗೆಡಹುತ್ತದೆ. ಆದ್ದರಿಂದ ನೀರುಣಿಸುವ ಉಪಾಯಗಳಿಗಿಂತ ಮೊದಲು ಕುಂಡ ಮತ್ತು ಮಣ್ಣಿನ ವಿಚಾರವನ್ನು ಹೇಳುತ್ತೇನೆ.

ನಿಮ್ಮ ಮಲ್ಲಿಗೆಗಳು ಸತ್ತ ಕಾರಣವನ್ನು ನಾನು ಬಹುಮಟ್ಟಿಗೆ ಊಹಿಸಬಲ್ಲೆ. ಮುಂಬಯಿಯ ಸುತ್ತಮುತ್ತಲಿನ ನರ್ಸರಿಗಳಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಿಗುವ ಗಿಡಗಳ ಬೇರು ಸಾಮಾನ್ಯವಾಗಿ ಅಂಟಾದ ಕೆಂಪು ಮಣ್ಣಿನ ಒಂದು ಗಟ್ಟಿ ಉಂಡೆಯೊಳಗೆ ಇರುತ್ತದೆ. ಸಾಗಿಸುವಾಗ ಮಣ್ಣು ಉದುರದಿರಲಿ ಎಂಬುದು ಮಾರುವವರ ಅನುಕೂಲ. ಆ ಉಂಡೆಯನ್ನು ಹಾಗೆಯೇ ತಂದು, ಎರೆಗೊಬ್ಬರ ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಸಡಿಲ ಮಣ್ಣಿನ ನಡುವೆ ಇಟ್ಟರೆ, ಮೇಲಿನಿಂದ ಹಾಕಿದ ನೀರು ಸಡಿಲವಾದ ದಾರಿಯನ್ನೇ ಹಿಡಿದು ಉಂಡೆಯ ಸುತ್ತಲೂ ಇಳಿದು ತಳದ ತೂತಿನಿಂದ ಹೊರಬರುತ್ತದೆ. ಕುಂಡದ ಮೇಲ್ಮೈ ಒದ್ದೆ, ತಟ್ಟೆಯಲ್ಲಿಯೂ ನೀರು, ಆದರೆ ಬೇರಿರುವ ಉಂಡೆಯ ಒಳಗೆ ಮಾತ್ರ ಧೂಳು. ಇಂತಹ ಗಿಡ ನಿಮ್ಮ ಕಣ್ಣೆದುರಿಗೇ ದಿನವೂ ಸ್ವಲ್ಪಸ್ವಲ್ಪವಾಗಿ ಬಾಯಾರುತ್ತಿರುತ್ತದೆ. ಸತ್ತ ಗಿಡವನ್ನು ಕಿತ್ತು, ಉಂಡೆಯನ್ನು ಒಡೆದು ನೋಡಿ; ಒಳಭಾಗ ಒಣಗಿ ಕಲ್ಲಿನಂತಿದ್ದರೆ ನನ್ನ ಊಹೆ ಸರಿ. ಇನ್ನು ಮುಂದೆ ತರುವ ಗಿಡವನ್ನು ನೆಡುವ ಮುನ್ನ ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಹೊರಗಿನ ಕೆಂಪು ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಿ, ಬೇರಿನ ತುದಿಗಳು ಹೊರಗೆ ಕಾಣುವಂತೆ ಮಾಡಿ ನೆಡಬೇಕು. ಬೇರು ಒಂದಿಷ್ಟು ಹರಿದರೂ ಚಿಂತೆಯಿಲ್ಲ, ನಾಲ್ಕೈದು ದಿನ ನೆರಳಿನಲ್ಲಿಟ್ಟರೆ ಚೇತರಿಸಿಕೊಳ್ಳುತ್ತದೆ.

ಎರಡನೆಯ ಸಂಗತಿ ಕುಂಡದ ಅಳತೆ. ಆರು ಇಂಚಿನ ಕುಂಡದಲ್ಲಿ ಸುಮಾರು 2 ಲೀಟರ್ ಮಣ್ಣು ಹಿಡಿಯುತ್ತದೆ, ಹನ್ನೆರಡು ಇಂಚಿನದರಲ್ಲಿ ಸುಮಾರು 15 ಲೀಟರ್. ಬಾಯಿಯ ಅಗಲ ಇಮ್ಮಡಿಯಾದಾಗ ಮಣ್ಣಿನ ಪ್ರಮಾಣ ಎಂಟು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ, ಆದರೆ ಗಿಡ ಕುಡಿಯುವ ನೀರು ಅಷ್ಟು ಪಟ್ಟು ಹೆಚ್ಚುವುದಿಲ್ಲ. ಎರಡು ದಿನದ ಬಿಡುವು ನಿಮಗೆ ಸಿಗುವುದು ಈ ವ್ಯತ್ಯಾಸದಲ್ಲಿಯೇ. ಹದಿನೈದು ಸಣ್ಣ ಕುಂಡಗಳ ಬದಲು ಏಳೆಂಟು ದೊಡ್ಡ ಕುಂಡಗಳನ್ನು ಇಟ್ಟುಕೊಳ್ಳಿ ಎಂಬುದು ನನ್ನ ಖಚಿತವಾದ ಸಲಹೆ. ನೋಟಕ್ಕೆ ತೋಟ ಚಿಕ್ಕದಾದಂತೆ ಕಂಡರೂ ಹೂವು ಮತ್ತು ಸೊಪ್ಪು ಹೆಚ್ಚು ಸಿಗುತ್ತವೆ. ತೂಕದ ಎಚ್ಚರಿಕೆ ಮಾತ್ರ ಇರಲಿ. ಬರೀ ಕೆಂಪು ಮಣ್ಣು ತುಂಬಿದ ಹನ್ನೆರಡು ಇಂಚಿನ ಕುಂಡ ನೀರು ಹೀರಿದಾಗ 25 ಕಿಲೋ ಮೀರುತ್ತದೆ. ಹೊರಗೆ ಚಾಚಿಕೊಂಡಿರುವ ಬಾಕ್ಸ್ ಗ್ರಿಲ್ ಅಂತಹ ಭಾರಕ್ಕಾಗಿ ಮಾಡಿದ್ದಲ್ಲವಾದ್ದರಿಂದ ದೊಡ್ಡ ಕುಂಡಗಳನ್ನು ಬಾಲ್ಕನಿಯ ನೆಲದ ಮೇಲೆ, ಗೋಡೆಗೆ ತಾಗಿದಂತೆ ಇಡಬೇಕು, ಗ್ರಿಲ್‌ನಲ್ಲಿ ಏನನ್ನಾದರೂ ಇಡುವುದಿದ್ದರೆ ಸೊಸೈಟಿಯ ಒಪ್ಪಿಗೆಯನ್ನೂ ಪಡೆಯಬೇಕು. ಮಣ್ಣು ನಾಲ್ಕು ಪಾಲು, ಎರೆಗೊಬ್ಬರ ಮೂರು ಪಾಲು, ಚೆನ್ನಾಗಿ ತೊಳೆದು ಉಪ್ಪಿನಂಶ ಕಳೆದ ಕೋಕೋಪೀಟ್ ಮೂರು ಪಾಲು, ಜೊತೆಗೆ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಇಷ್ಟು ಬೆರೆಸಿದರೆ ಭಾರವೂ ತಗ್ಗುತ್ತದೆ, ನೀರೂ ನಿಲ್ಲುತ್ತದೆ. ಕರಿಬೇವಿಗೆ ಮಾತ್ರ ಕೋಕೋಪೀಟ್ ಕಡಿಮೆ ಮಾಡಿ ಸ್ವಲ್ಪ ಮರಳು ಸೇರಿಸಿ, ಒದ್ದೆ ಕಾಲಿನಲ್ಲಿ ನಿಲ್ಲುವುದು ಅದಕ್ಕೆ ಆಗದು.

ಪಶ್ಚಿಮದ ಬಾಲ್ಕನಿಯ ಬಿಸಿಲು ಮಧ್ಯಾಹ್ನದಿಂದ ಸೂರ್ಯಾಸ್ತದವರೆಗಿನ ಬಿಸಿಲು. ಗಾಳಿ ಕಾದಿರುವ ಹೊತ್ತಿಗೆ ಅದು ಬೀಳುವುದರಿಂದ ಎಲೆಗಳಿಗಿಂತ ಮೊದಲು ಕುಂಡದ ಪಕ್ಕಗಳು ಕಾಯುತ್ತವೆ, ಪಕ್ಕಕ್ಕೆ ಅಂಟಿಕೊಂಡಿರುವ ಎಳೆಯ ಬೇರುಗಳು ಬೇಯುತ್ತವೆ. ಕಪ್ಪು ಪ್ಲಾಸ್ಟಿಕ್ ಕುಂಡಗಳು ಎಲ್ಲಕ್ಕಿಂತ ಕೆಟ್ಟವು. ಮಣ್ಣಿನ ಕುಂಡ ತಂಪಾಗಿರುತ್ತದೆ, ಆದರೆ ಅದರ ಮೈಯಿಂದಲೂ ನೀರು ಆವಿಯಾಗುವುದರಿಂದ ಬೇಗ ಒಣಗುತ್ತದೆ. ನಿಮ್ಮಂತೆ ಆಗಾಗ ಊರು ಬಿಡುವವರಿಗೆ ತಿಳಿಬಣ್ಣದ ದಪ್ಪ ಪ್ಲಾಸ್ಟಿಕ್ ಕುಂಡಗಳೇ ಸೂಕ್ತ. ಬಿಸಿಲಿಗೆ ಹೆದರದ ಮಲ್ಲಿಗೆ, ದಾಸವಾಳಗಳನ್ನು ಹೊರಸಾಲಿನಲ್ಲಿಟ್ಟು, ಅವುಗಳ ನೆರಳಿನಲ್ಲಿ ಒಂದೆಲಗ, ದೊಡ್ಡಪತ್ರೆಗಳನ್ನು ಇಡಿ. ಗಿಡಗಳು ಗುಂಪಾಗಿ ನಿಂತಾಗ ಅವುಗಳ ನಡುವಿನ ಗಾಳಿಯಲ್ಲಿ ತೇವ ಹೆಚ್ಚಿರುತ್ತದೆ, ಹೀಗಾಗಿ ಒಂದೊಂದೂ ಕಡಿಮೆ ನೀರು ಕಳೆದುಕೊಳ್ಳುತ್ತದೆ.

ಈಗ ಶುಕ್ರವಾರದ ವಿಷಯ. ಹೊರಡುವ ಗಡಿಬಿಡಿಯಲ್ಲಿ ಒಂದೊಂದು ಲೋಟ ನೀರು ಚಿಮುಕಿಸಿ ಹೋಗುವುದರಿಂದ ಪ್ರಯೋಜನವಿಲ್ಲ. ಗುರುವಾರ ರಾತ್ರಿ ಒಮ್ಮೆ, ಶುಕ್ರವಾರ ಬೆಳಿಗ್ಗೆ ಮತ್ತೊಮ್ಮೆ, ತಳದ ತೂತಿನಿಂದ ನೀರು ಹೊರಬರುವಷ್ಟು ನಿಧಾನವಾಗಿ ಎರೆಯಿರಿ. ಮೊದಲನೆಯದು ಮಣ್ಣನ್ನು ನೆನೆಸುತ್ತದೆ, ನೆನೆದ ಮಣ್ಣು ಎರಡನೆಯದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನ ಮೇಲೆ ಎರಡು ಇಂಚು ದಪ್ಪಕ್ಕೆ ತರಗೆಲೆ ಅಥವಾ ತೆಂಗಿನ ನಾರು ಹೊದಿಸಿ. ಈ ಹೊದಿಕೆಯೊಂದರಿಂದಲೇ ಒಂದು ದಿನದಷ್ಟು ಬಿಡುವು ಸಿಗುವುದುಂಟು, ಅದಕ್ಕೆ ಖರ್ಚೂ ಇಲ್ಲ. ಹೊರಡುವ ವಾರದಲ್ಲಿ ಗೊಬ್ಬರ ಹಾಕಬೇಡಿ, ಕುಂಡ ಬದಲಿಸಬೇಡಿ. ದಾಸವಾಳದ ಬಿರಿಯಲಿರುವ ಮೊಗ್ಗುಗಳನ್ನು ಕಿತ್ತು ದೇವರಿಗೋ ನೆರೆಮನೆಗೋ ಕೊಟ್ಟು ಹೋಗಿ. ಹೂವಿಗೆ ಹೋಗುವ ನೀರು ಗಿಡಕ್ಕೆ ಉಳಿಯುತ್ತದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿಯೂ ಅಕ್ಟೋಬರಿನ ಬಿರುಬಿಸಿಲಿನಲ್ಲಿಯೂ ಇಷ್ಟು ಸಾಲದಿರಬಹುದು. ಆಗ ಹತ್ತಿಯ ಬತ್ತಿಯ ಉಪಾಯ ಮಾಡಿ. ಕಿರುಬೆರಳು ದಪ್ಪದ ಹಗ್ಗವನ್ನು ಹಳೆಯ ಹತ್ತಿಬಟ್ಟೆಯಿಂದ ಹೊಸೆದು, ಒದ್ದೆ ಮಾಡಿ, ಒಂದು ತುದಿಯನ್ನು ಕುಂಡದ ಮಣ್ಣಿನೊಳಗೆ ಮೂರು ನಾಲ್ಕು ಇಂಚು ಆಳಕ್ಕೆ ಹೂತು, ಇನ್ನೊಂದು ತುದಿಯನ್ನು ಕುಂಡಕ್ಕಿಂತ ಸ್ವಲ್ಪ ಎತ್ತರದಲ್ಲಿಟ್ಟ ಮುಚ್ಚಳವಿರುವ ಬಕೆಟ್ಟಿನ ತಳಕ್ಕೆ ಮುಟ್ಟುವಂತೆ ಇಳಿಬಿಡಿ. ಒಂದು ಬಕೆಟ್ಟಿನಿಂದ ನಾಲ್ಕು ಕುಂಡಗಳಿಗೆ ಬತ್ತಿ ಎಳೆಯಬಹುದು. ಇನ್ನೊಂದು ದಾರಿ ನಮ್ಮ ರೈತರು ಬಹುಕಾಲದಿಂದ ಬಲ್ಲ ಮಡಕೆ ನೀರಾವರಿ: ಮೆರುಗು ಹಚ್ಚದ ಸಣ್ಣ ಕುಡಿಕೆಯನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು, ನೀರು ತುಂಬಿ, ಬಾಯಿ ಮುಚ್ಚುವುದು. ಸುತ್ತಲ ಮಣ್ಣು ಒಣಗಿದಷ್ಟೇ ನೀರು ಅದರ ಗೋಡೆಯಿಂದ ಜಿನುಗುತ್ತದೆ. ಯಾವುದನ್ನೇ ಮಾಡಿದರೂ ಮೊದಲ ಸಲ ನೀವು ಮನೆಯಲ್ಲಿಯೇ ಇರುವ ಒಂದು ವಾರಾಂತ್ಯದಲ್ಲಿ ಪರೀಕ್ಷಿಸಿ. ಶುಕ್ರವಾರದಿಂದ ಸೋಮವಾರ ಬೆಳಗಿನವರೆಗೆ ನೀರು ಮುಟ್ಟದೆ, ಯಾವ ಗಿಡ ಮೊದಲು ಎಲೆ ಇಳಿಸುತ್ತದೆ ಎಂದು ನೋಡಿ ಬರೆದಿಡಿ. ನಡುಮಧ್ಯಾಹ್ನ ಬಾಡಿ ಸಂಜೆಗೆ ತಾನೇ ಎದ್ದು ನಿಲ್ಲುವ ಗಿಡಕ್ಕೆ ನೀರಿನ ಕೊರತೆಯಿಲ್ಲ. ಬೆಳಿಗ್ಗೆಯೂ ಬಾಡಿಯೇ ಇರುವುದಕ್ಕೆ ಇದೆ. ತಾನಾಗಿ ನೀರುಣಿಸುವ ಯಂತ್ರವನ್ನು ಈಗಲೇ ಕೊಳ್ಳಬೇಡಿ ಎನ್ನುತ್ತೇನೆ. ಬಾಲ್ಕನಿಯಲ್ಲಿ ನಲ್ಲಿಯಿದ್ದು, ವಾರಗಟ್ಟಲೆ ದೂರವಿರುವವರಿಗೆ ಅದು ಉಪಯುಕ್ತ. ಆದರೆ ಉಂಡೆಯೊಳಗೆ ನೀರು ಇಳಿಯದ ಮಣ್ಣಿಗೆ ಯಂತ್ರ ಹಾಕಿದ ನೀರೂ ಇಳಿಯುವುದಿಲ್ಲ, ಮೇಲಾಗಿ ಒಂದು ಕೊಳವೆ ಕಳಚಿಕೊಂಡರೆ ಕೆಳಗಿನ ಮನೆಯವರ ಗೋಡೆ ನೆನೆಯುತ್ತದೆ.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ತುಂಬಿಸಿ ಹೋಗುವ ಅಭ್ಯಾಸ ಹಲವರಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತಿಳಿನೀರಿನಲ್ಲಿಯೇ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಮಳೆಗಾಲದಲ್ಲಿ ತಟ್ಟೆಗಳನ್ನು ಪೂರ್ತಿಯಾಗಿ ತೆಗೆದು, ಕುಂಡವನ್ನು ಮೂರು ಇಟ್ಟಿಗೆ ಚೂರುಗಳ ಮೇಲೆ ನಿಲ್ಲಿಸುವುದು ಲೇಸು.

ಮಳೆಗಾಲದ ಲೆಕ್ಕವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಸರಾಸರಿ 2000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ನೈರುತ್ಯದ ಗಾಳಿ ಅದನ್ನು ನೇರವಾಗಿ ನಿಮ್ಮ ಪಶ್ಚಿಮದ ಬಾಲ್ಕನಿಗೆ ತಂದು ಹೊಡೆಯುತ್ತದೆ. ಆಗ ಗಿಡ ಸಾಯುವುದು ಉಸಿರುಕಟ್ಟಿ. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದು. ಹೊರಡುವ ಮುನ್ನ ತಳದ ತೂತುಗಳಿಗೆ ಒಂದು ಕಡ್ಡಿ ಹಾಕಿ ನೋಡಿ. ಅದಕ್ಕಿಂತ ಮುಖ್ಯವಾಗಿ, ಗ್ರಿಲ್‌ಗೆ ತೂಗುಹಾಕಿದ ಪ್ರತಿಯೊಂದು ಕುಂಡವನ್ನೂ ಕೆಳಗಿಳಿಸಿ ನೆಲದ ಮೇಲಿಟ್ಟು ಹೋಗಿ. ನಾಲ್ಕನೆಯ ಮಹಡಿಯಿಂದ ಬೀಳುವ ಕುಂಡ ಕೆಳಗೆ ಹೋಗುವವರ ಜೀವಕ್ಕೆ ಅಪಾಯ.

ಭಾನುವಾರ ರಾತ್ರಿ ಮರಳಿದಾಗ ಎಲ್ಲ ಕುಂಡಗಳಿಗೂ ಒಮ್ಮೆಗೇ ನೀರು ಸುರಿಯುವುದೂ ಸರಿಯಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರಷ್ಟೇ ಎರೆಯಿರಿ. ಪೂರ್ತಿ ಒಣಗಿದ ಮಣ್ಣಿನ ಮಿಶ್ರಣ ನೀರನ್ನು ಬೇಗ ಹೀರದೆ ಹಾಗೆಯೇ ಇಳಿಯಬಿಡಬಹುದು. ಅಂತಹ ಕುಂಡವನ್ನು ಅರ್ಧ ಗಂಟೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಡುವುದು ಒಳ್ಳೆಯದು. ತುಳಸಿ ಒಣಗಿದ್ದರೆ ಅದನ್ನು ಬಾಯಾರಿಕೆಯೆಂದೇ ತಿಳಿಯಬೇಡಿ. ಕದಿರು ಬಲಿತು ಬೀಜ ಕಟ್ಟಿದ ಮೇಲೆ ತುಳಸಿ ಸೊರಗುವುದು ಅದರ ಸ್ವಭಾವ. ಕದಿರನ್ನು ಎಳೆಯದಾಗಿದ್ದಾಗಲೇ ಚಿವುಟುತ್ತಿದ್ದರೆ ಗಿಡ ಹೆಚ್ಚು ಕಾಲ ಹಸಿರಾಗಿರುತ್ತದೆ, ಒಂದೆರಡು ಕದಿರುಗಳನ್ನು ಮಾತ್ರ ಬೀಜಕ್ಕೆ ಬಿಟ್ಟರೆ ಮುಂದಿನ ಸಸಿಗಳೂ ಸಿದ್ಧ.

ಇಷ್ಟು ಹೇಳಿದ ಮೇಲೆ ನಿಮ್ಮ ತಿರುಗಾಟದ ಕುರಿತು ಒಂದು ಮಾತು ಹೇಳಬೇಕು, ಏಕೆಂದರೆ ನೀವು ಅದನ್ನು ತೋಟದ ಎದುರಾಳಿಯೆಂದು ಭಾವಿಸಿದ್ದೀರಿ. ಸಹ್ಯಾದ್ರಿಯ ಇಷ್ಟು ಹತ್ತಿರ ವಾಸಿಸುವ ತೋಟಗಾರನಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ನೇರಳ್‌ನಿಂದ ಮಾಥೇರಾನ್ ಹತ್ತಿ ಹೋದರೆ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಆ ಗುಡ್ಡದ ಕಾಡಿನಲ್ಲಿ, ನೇರಳೆ ಮರಗಳ ಕೆಳಗೆ ಯಾರೂ ಗುಡಿಸದ ತರಗೆಲೆಯ ಹಾಸನ್ನು ಕೈಯಿಂದ ಸರಿಸಿ ನೋಡಿ. ಮಳೆ ನಿಂತು ಎಷ್ಟೋ ದಿನಗಳಾದ ಮೇಲೂ ಕೆಳಗಿನ ಮಣ್ಣು ತಂಪಾಗಿರುತ್ತದೆ. ಹೊದಿಕೆಯ ಬಗ್ಗೆ ನಾನು ಮೇಲೆ ಬರೆದದ್ದೆಲ್ಲ ಅಲ್ಲಿ ಕಾಣುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಗೆ ಹೋಗಿ. 2012ರಲ್ಲಿ ಪಶ್ಚಿಮ ಘಟ್ಟಗಳೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಬಯಲಿನಲ್ಲಿ ಜಂಬಿಟ್ಟಿಗೆ ಬಂಡೆಯ ಮೇಲೆ ಬೆರಳಷ್ಟು ದಪ್ಪದ ಮಣ್ಣು ಮಾತ್ರ ಇದೆ. ಅಲ್ಲಿನ ಸಣ್ಣ ಗಿಡಗಳಲ್ಲಿ ಬಹಳಷ್ಟು ಮಳೆಗಾಲದ ಕೆಲವೇ ತಿಂಗಳುಗಳಲ್ಲಿ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಮುಗಿಸುತ್ತವೆ. ಸಾರವಿಲ್ಲದ ಮಣ್ಣಿನ ಕೊರತೆಯನ್ನು ಕೀಟಗಳನ್ನು ಹಿಡಿದು ತುಂಬಿಕೊಳ್ಳುವ ಗಿಡಗಳೂ ಅವುಗಳ ನಡುವೆ ಇವೆ. ಮುಂಗಡವಾಗಿ ಪ್ರವೇಶ ಕಾದಿರಿಸಿ, ಗೊತ್ತುಮಾಡಿದ ದಾರಿಯಲ್ಲಿಯೇ ನಡೆಯಿರಿ, ಛಾಯಾಚಿತ್ರಕ್ಕಾಗಿ ಹೂವಿನ ಹಾಸಿನ ಮೇಲೆ ಕೂರಬೇಡಿ.

ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಎಂಟು ವರ್ಷಕ್ಕೊಮ್ಮೆ ಒಟ್ಟಾಗಿ ಅರಳುವ ಕಾರ್ವಿ ಎಂಬ ಕಾಡುಪೊದೆ 2016ರಲ್ಲಿಯೂ 2024ರಲ್ಲಿಯೂ ಹೂಬಿಟ್ಟಿತು. ಮುಂದಿನದನ್ನು 2032ರ ಮಳೆಗಾಲದ ಕೊನೆಗೆ ಕಾಯಬೇಕು, ನಿಮ್ಮ ಬಳಗ ಈಗಲೇ ಗುರುತುಹಾಕಿಟ್ಟುಕೊಳ್ಳಲಿ. ಪುಣೆಯ ಕಡೆ ಹೋದಾಗ ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನ್‌ವರೆಗೂ ಸಾಲುಸಾಲಾಗಿರುವ ನರ್ಸರಿಗಳನ್ನು ನೋಡದೆ ಬರಬೇಡಿ, ಜನವರಿಯಾದರೆ ಎಂಪ್ರೆಸ್ ಗಾರ್ಡನ್‌ನ ಪುಷ್ಪಪ್ರದರ್ಶನವನ್ನೂ ಸೇರಿಸಿಕೊಳ್ಳಿ. ಮನೆಯ ಹತ್ತಿರದಲ್ಲಿಯೇ ಒಂದು ದಿನ ಕಳೆಯಬೇಕೆಂದರೆ ದಿವಾದಿಂದ ವಸಯಿಗೆ ಹೋಗುವ ರೈಲು ಇದೆ. ಮುಂಬಯಿಯ ದಾದರಿನ ಹೂವಿನ ಮಾರುಕಟ್ಟೆಗೆ ಮಲ್ಲಿಗೆ ಮೊಗ್ಗು, ಸಂಪಿಗೆ ಕಳುಹಿಸುವ ತೋಟಗಳು ವಸಯಿಯಲ್ಲಿವೆ. ಅಲ್ಲಿಂದ ಸೋನ್‌ಚಾಫಾದ (ಮರಾಠಿಯಲ್ಲಿ ಸಂಪಿಗೆಯ ಹೆಸರು) ಕಸಿ ಗಿಡವೊಂದನ್ನು ತಂದರೆ, ಬೀಜದಿಂದ ಬೆಳೆದ ಸಂಪಿಗೆಯಂತೆ ವರ್ಷಗಟ್ಟಲೆ ಕಾಯಿಸದೆ ಅದು ದೊಡ್ಡ ಕುಂಡದಲ್ಲಿಯೇ ಹೂ ಕೊಡುತ್ತದೆ. ರಜೆ ಮೂರು ದಿನಕ್ಕೆ ಚಾಚಿದಾಗ ಗೋವೆಯ ಫೋಂಡಾದ ಸಾಂಬಾರ ತೋಟಗಳಿಗೆ ಹೋಗಬಹುದು. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸನ್ನು ನೋಡಿದವರಿಗೆ ಅದನ್ನು ಮನೆಯಲ್ಲಿ ಬೆಳೆಸುವ ಆಸೆ ಹುಟ್ಟುವುದು ಸಹಜ. ಅಡ್ಡರೆಂಬೆಯಿಂದ ಮಾಡಿದ ಪೊದೆ ಮೆಣಸಿನ ಗಿಡವನ್ನು ಕೇಳಿ ತನ್ನಿ, ಅದು ಬಳ್ಳಿಯಾಗಿ ಹಬ್ಬದೆ ಕುಂಡದ ಅರೆನೆರಳಿನಲ್ಲಿಯೇ ಕಾಳು ಬಿಡುತ್ತದೆ. ಹೀಗೆ ತಂದ ಯಾವುದೇ ಹೊಸ ಗಿಡವನ್ನು ಎರಡು ವಾರ ಉಳಿದವುಗಳಿಂದ ದೂರವಿಟ್ಟು, ಎಲೆಯ ಅಡಿಯಲ್ಲಿ ಬಿಳಿ ಹಿಟ್ಟಿನಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆ ಎಂಬ ಕೀಟ ಇದೆಯೇ ಎಂದು ನೋಡಿದ ಮೇಲೆಯೇ ಗುಂಪಿಗೆ ಸೇರಿಸಿ. ತಿಗಣೆ ಕಂಡರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಒಂದೆರಡು ಹನಿ ದ್ರವ ಸಾಬೂನು ಬೆರೆಸಿ ಸಂಜೆ ಸಿಂಪಡಿಸಿ.

ಕಾಡಿನಿಂದ ಮಾತ್ರ ಏನನ್ನೂ ಕಿತ್ತು ತರಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮೇ, ಜೂನ್ ತಿಂಗಳಲ್ಲಿ ಮರದ ಕೊಂಬೆಯಿಂದ ಗುಲಾಬಿ ಬಿಳಿ ಹೂಗೊಂಚಲು ಇಳಿಬಿಟ್ಟ ಸೀತೆದಂಡೆಯನ್ನು ಕಂಡಾಗ ಒಳ್ಳೆಯವರ ಕೈಯೂ ಅದರತ್ತ ಹೋಗುವುದನ್ನು ನೋಡಿದ್ದೇನೆ. ಈ ಆರ್ಕಿಡ್‌ಗಳು ತೊಗಟೆಯ ಮೇಲಿನ ತೇವವನ್ನೂ ಬೇರಿನೊಂದಿಗೆ ಬಾಳುವ ಶಿಲೀಂಧ್ರಗಳನ್ನೂ ನೆಚ್ಚಿ ಬದುಕುತ್ತವೆ, ಪಶ್ಚಿಮದ ಬಿಸಿಲಿನ ಬಾಲ್ಕನಿಯಲ್ಲಿ ಅವು ಬಾಳುವುದಿಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಗಿಡ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ತರಬೇಕಾದದ್ದು ಗೆಳೆಯರ ಮನೆಗಳಿಂದ. ನಿಮ್ಮ ಬಳಗದಲ್ಲಿ ಒಬ್ಬರು ಬಸಳೆ, ಒಬ್ಬರು ದೊಡ್ಡಪತ್ರೆ, ಒಬ್ಬರು ಒಂದೆಲಗ ಹೀಗೆ ಒಂದೊಂದನ್ನು ಚೆನ್ನಾಗಿ ಬೆಳೆಸಿ, ಪ್ರತಿ ಭೇಟಿಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ತುಂಡುಗಳನ್ನು ಹಂಚಿಕೊಂಡರೆ ಯಾರ ಮನೆಯಲ್ಲಿ ಯಾವುದು ಸತ್ತರೂ ಅದರ ತಳಿ ಉಳಿಯುತ್ತದೆ. ಬಸಳೆಯ ಬಲಿತ ದಂಟನ್ನೂ ದೊಡ್ಡಪತ್ರೆಯ ಕುಡಿಯನ್ನೂ ಚುಚ್ಚಿಟ್ಟರೆ ಕೆಲವೇ ದಿನಗಳಲ್ಲಿ ಬೇರು ಬಿಡುತ್ತವೆ. ನಿಮ್ಮ ಕರಿಬೇವಿನ ಚಟ್ನಿಪುಡಿ ಬೆಳಗಿನ ರೈಲಿನಲ್ಲಿ ಇಡ್ಲಿಯೊಂದಿಗೆ ಖರ್ಚಾಗಲಿ. ಪದೇಪದೇ ಕುಡಿ ಕತ್ತರಿಸಿದಷ್ಟೂ ಆ ಗಿಡ ಕವಲೊಡೆಯುತ್ತದೆ. ನಾಲ್ಕು ದಿನಕ್ಕಿಂತ ಹೆಚ್ಚು ಹೋಗುವಾಗ ನೆರೆಯವರಿಗೆ ಬೀಗದ ಕೈ ಕೊಡುವುದಿದ್ದರೆ, ಅವರಿಗೆ ಇಷ್ಟವಿದ್ದಷ್ಟು ಎರೆಯಿರಿ ಎನ್ನದೆ, ಯಾವ ಕುಂಡಕ್ಕೆ ಎಷ್ಟು ತಂಬಿಗೆ ಎಂಬ ಚೀಟಿ ಅಂಟಿಸಿ ಹೋಗಿ. ಪ್ರೀತಿಯಿಂದ ಅತಿಯಾಗಿ ನೀರೆರೆದು ಗಿಡ ಕೊಳೆಯುವುದೇ ಹೆಚ್ಚು.

ಇನ್ನು ಮಲ್ಲಿಗೆ. ಅದನ್ನು ಖಂಡಿತ ಮತ್ತೆ ನೆಡಿ, ಆದರೆ ಬೇಸಿಗೆಯಲ್ಲಿ ಬೇಡ. ಮೊಗ್ಗು ತುಂಬಿದ ಗಿಡಗಳನ್ನು ನರ್ಸರಿಯವರು ಏಪ್ರಿಲ್‌ನಲ್ಲಿ ಮುಂದಿಡುತ್ತಾರೆ, ಕೊಳ್ಳುವವರಿಗೆ ಆಸೆಯಾಗುತ್ತದೆ, ಬೇರು ಹಿಡಿಯುವ ಮುನ್ನವೇ ಬಿಸಿಲು ಅದನ್ನು ತಿನ್ನುತ್ತದೆ. ಜುಲೈ ತಿಂಗಳಿನಲ್ಲಿ, ಮೊಗ್ಗಿಲ್ಲದ, ಬುಡದಿಂದ ನಾಲ್ಕೈದು ಕವಲುಗಳೆದ್ದ ಗಿಡವನ್ನು ಆರಿಸಿ, ಹನ್ನೆರಡು ಇಂಚಿನ ಕುಂಡದಲ್ಲಿ ನೆಟ್ಟರೆ ಅಕ್ಟೋಬರಿನ ಬಿಸಿಲು ಬರುವ ಹೊತ್ತಿಗೆ ಬೇರು ಕುಂಡವನ್ನೆಲ್ಲ ಹಿಡಿದಿರುತ್ತದೆ. ಡಿಸೆಂಬರಿನಲ್ಲಿ ಕೆಲವು ದಿನ ನೀರು ಕಡಿಮೆ ಮಾಡಿ, ಕವಲುಗಳನ್ನು ಅರ್ಧದಷ್ಟು ಸವರಿ, ಎಲೆಗಳನ್ನು ತೆಗೆದು, ಮೇಲ್ಮಣ್ಣನ್ನು ಕೆದಕಿ ಎರಡು ಹಿಡಿ ಎರೆಗೊಬ್ಬರ ಹಾಕಿ ಮತ್ತೆ ಎಂದಿನಂತೆ ನೀರು ಕೊಡಿ. ಹೊಸ ಚಿಗುರಿನ ತುದಿಯಲ್ಲಿಯೇ ಮಲ್ಲಿಗೆ ಮೊಗ್ಗು ಬಿಡುವುದರಿಂದ ಈ ಸವರುವಿಕೆಯನ್ನು ತಪ್ಪಿಸಬಾರದು. ಮಾರ್ಚ್ ಹೊತ್ತಿಗೆ ಮೊಗ್ಗುಗಳು ಕಾಣಿಸಿಕೊಳ್ಳುತ್ತವೆ. ಆ ತಿಂಗಳಿನಿಂದ ಮಳೆ ಬರುವವರೆಗೆ, ನೀವು ಹೊರಡುವ ವಾರಾಂತ್ಯಗಳಲ್ಲಿ, ಬತ್ತಿಯ ಬಕೆಟ್ಟಿನ ಮೊದಲ ಎಳೆ ಮಲ್ಲಿಗೆಯ ಕುಂಡಕ್ಕೇ ಹೋಗಲಿ.